ಇಮೇಲ್ ಕೇಳುವ ಫಾರ್ಮ್ ತೆಗೆದ ಮೇಲೆ

ಕ್ಯಾಲಿಫೋರ್ನಿಯಾದ ಫ್ರೆಸ್ನೋ ಸುತ್ತಮುತ್ತ ಎಲ್ಲಿ ನೋಡಿದರೂ ದ್ರಾಕ್ಷಿ, ಬಾದಾಮಿ, ಟೊಮೇಟೊ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದವರು, ಸ್ಪ್ಯಾನಿಷ್ ಮಾತಾಡುವವರು. ನಾನು ಆ ಕಡೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಚಟ ಬಿಡಿಸುವ ವಿಭಾಗದಲ್ಲಿದ್ದೇನೆ. ಡಾಕ್ಟರ್ ಅಲ್ಲ, ಕೌನ್ಸೆಲರೂ ಅಲ್ಲ. ಕುಡಿತವೋ, ಮೆತ್ ಅನ್ನುವ ಮಾದಕವೋ, ಅಫೀಮಿನ ಜಾತಿಯ ಫೆಂಟನಿಲ್ಲೋ, ‘ಬಿಡಬೇಕು’ ಅಂತ ಬಂದವರನ್ನು ಸರಿಯಾದ ಜಾಗಕ್ಕೆ ತಲುಪಿಸುವುದು ನನ್ನ ಕೆಲಸ.

ನಮ್ಮ ವೆಬ್‌ಸೈಟಿಗೆ ಸ್ಪ್ಯಾನಿಷ್ ಪುಟ ಮೊದಲೇ ಇತ್ತು. ಆದರೂ ಅದರ ಮೂಲಕ ಬರುವವರು ತೀರಾ ಕಡಿಮೆ. ಭಾಷೆ ಸರಿಯಾಗಿಯೇ ಇತ್ತು, ತೊಡಕು ಇದ್ದದ್ದು ಫಾರ್ಮಿನಲ್ಲಿ. ಮೊದಲು ಇಮೇಲ್ ಕೊಡಿ, ಆಮೇಲೆ ಪಾಸ್‌ವರ್ಡ್ ಇಡಿ, ಇಮೇಲಿಗೆ ಬಂದ ಕೊಂಡಿ ಒತ್ತಿ, ಆಮೇಲೆ ಇನ್ಶೂರೆನ್ಸ್ ನಂಬರ್ ಹಾಕಿ. ಬಿಡಬೇಕು ಅನ್ನುವ ಮನಸ್ಸು ಅಷ್ಟು ಹೊತ್ತು ಕಾಯಲ್ಲ. ಹಾಗಾಗಿ ಎಲ್ಲ ತೆಗೆದು ಎರಡೇ ಪ್ರಶ್ನೆ ಉಳಿಸಿದೆವು: ಯಾವ ನಂಬರಿಗೆ ಫೋನ್ ಮಾಡೋಣ? ಎಷ್ಟು ಹೊತ್ತಿಗೆ ಮಾಡೋಣ?

ಬೇ ಏರಿಯಾದಲ್ಲಿರುವ ನನ್ನ ಕನ್ನಡ ಸ್ನೇಹಿತರು ಸಿಕ್ಕಾಗಲೆಲ್ಲ ‘ಒಂದು ಆಪ್ ಮಾಡಿಬಿಡಿ’ ಅಂತಾರೆ. ಪಾಪ, ಒಳ್ಳೆ ಮನಸ್ಸಿನಿಂದಲೇ ಹೇಳೋದು. ಆದರೆ ನಮ್ಮ ಕ್ಲಿನಿಕ್ಕಿಗೆ ಬರುವವರ ಫೋನಿನಲ್ಲಿ ಜಾಗವೇ ಇರಲ್ಲ. ಮೊಮ್ಮಕ್ಕಳ ವಿಡಿಯೋದಲ್ಲಿ ತುಂಬಿರುತ್ತೆ. ಎಲ್ಲರ ಫೋನಿನಲ್ಲೂ ತಪ್ಪದೆ ಇರೋದು ವಾಟ್ಸಾಪ್ ಒಂದೇ. ಊರಲ್ಲಿರುವ ಅಮ್ಮನ ಹತ್ತಿರ ಮಾತಾಡೋದೂ ಅದರಲ್ಲೇ.

ಹಾಗಂತ ಎಲ್ಲವನ್ನೂ ವಾಟ್ಸಾಪಿನಲ್ಲಿ ಹಾಕುವ ಹಾಗಿಲ್ಲ. ರೋಗಿಯ ಮಾಹಿತಿಗೆ ಅಮೆರಿಕದಲ್ಲಿ ಗೋಪ್ಯತೆಯ ಕಾನೂನಿದೆ. ಚಟ ಚಿಕಿತ್ಸೆಯ ದಾಖಲೆಗೆ ಅದರ ಮೇಲೆ ಇನ್ನೊಂದು ನಿಯಮ, ‘42 ಸಿಎಫ್‌ಆರ್ ಪಾರ್ಟ್ 2’. ಅದಕ್ಕೆ ಒಂದು ಗೆರೆ ಎಳೆದುಕೊಂಡೆವು. ಎಲ್ಲರಿಗೂ ಹೇಳಬಹುದಾದದ್ದು ವಾಟ್ಸಾಪಿನಲ್ಲಿ: ಕ್ಲಿನಿಕ್ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆದಿರುತ್ತೆ, ಫೆಂಟನಿಲ್ ಜಾಸ್ತಿಯಾಗಿ ಬಿದ್ದವರನ್ನು ಉಳಿಸುವ ನಲಾಕ್ಸೋನ್ ಔಷಧ ಮೂಗಿಗೆ ಹೇಗೆ ಹೊಡೆಯೋದು. ಒಬ್ಬರ ಸ್ವಂತ ವಿಷಯ ಬಂತೋ, ತಕ್ಷಣ ಫೋನ್.

ನಾವು ಜಾಸ್ತಿ ತಲೆ ಕೆಡಿಸಿಕೊಂಡದ್ದು ನೆನಪಿಸುವ ಮೆಸೇಜಿನ ಬಗ್ಗೆ. ಎಷ್ಟೋ ಮನೆಗಳಲ್ಲಿ ಫೋನ್ ಒಬ್ಬರದ್ದಲ್ಲ. ಮಗಳು ಆಟ ಆಡ್ತಿರುವಾಗ ಅಪ್ಪನ ಮೆಸೇಜ್ ಪರದೆಯ ಮೇಲೆ ಬರುತ್ತೆ. ಹಾಗಾಗಿ ಅದರಲ್ಲಿ ಚಟ, ಚಿಕಿತ್ಸೆ, ಔಷಧದ ಹೆಸರು ಯಾವುದೂ ಇರಬಾರದು. ವಿಭಾಗದ ಹೆಸರೂ ಬೇಡ. ‘ನಾಳೆ ಮೂರು ಗಂಟೆಗೆ ನಿಮ್ಮ ಅಪಾಯಿಂಟ್‌ಮೆಂಟ್’, ಅಷ್ಟೇ. ಅದನ್ನೂ ಕಳಿಸಬೇಕೋ ಬೇಡವೋ ಅಂತ ಮೊದಲ ಫೋನಿನಲ್ಲೇ ಕೇಳ್ತೇವೆ. ಹೆಂಗಸರಲ್ಲಿ ಸುಮಾರು ಜನ ಬೇಡ ಅಂತಾರೆ. ಅವರಿಗೆ ಅವರೇ ಹೇಳಿದ ಹೊತ್ತಿಗೆ ಫೋನ್ ಮಾತ್ರ.

ಹೊತ್ತಿನದ್ದೂ ಒಂದು ಕಥೆ. ಸುಗ್ಗಿಯಲ್ಲಿ ಜನ ಬೆಳಗಿನ ಜಾವವೇ ತೋಟಕ್ಕೆ ಹೋಗ್ತಾರೆ. ಒಂಬತ್ತರಿಂದ ಐದರ ಆಫೀಸು ಅವರಿಗೆ ಉಪಯೋಗಕ್ಕೆ ಬರಲ್ಲ. ಸಂಜೆ ಪಾಳಿ ಶುರು ಮಾಡಿದ ಮೇಲೆ ಫೋನ್ ಎತ್ತುವವರು ಹೆಚ್ಚಾದರು. ಕೌನ್ಸೆಲಿಂಗ್ ವಿಡಿಯೋ ಕರೆಗೆ ಎಷ್ಟೋ ಜನ ನಿಲ್ಲಿಸಿದ ಕಾರಿನಲ್ಲಿ ಕೂತು ಬರ್ತಾರೆ, ಒಬ್ಬರೇ ಇರಬಹುದಾದ ಜಾಗ ಅದೊಂದೇ. ತಿಂಗಳ ಕೊನೆಗೆ ಡೇಟಾ ಮುಗಿದಿರುತ್ತೆ, ಆಗ ಬರೀ ಧ್ವನಿ. ಪ್ರೀಪೇಯ್ಡ್ ನಂಬರ್ ಬದಲಾಗ್ತಾನೇ ಇರುತ್ತೆ, ಆದ್ದರಿಂದ ನಂಬಿಕೆಯ ಇನ್ನೊಬ್ಬರ ನಂಬರನ್ನೂ ಇಟ್ಟುಕೊಳ್ತೇವೆ.

ಇನ್ನೊಂದು ವಿಷಯ. ಮೆಕ್ಸಿಕೋದ ಒಅಹಾಕಾ ರಾಜ್ಯದ ಕಡೆಯಿಂದ ಬಂದವರಲ್ಲಿ ಎಷ್ಟೋ ಜನರ ಮನೆಮಾತು ಮಿಶ್ತೆಕೋ, ಅಲ್ಲಿನ ಮೂಲನಿವಾಸಿಗಳ ಭಾಷೆ. ಸ್ಪ್ಯಾನಿಷ್ ಅವರಿಗೂ ಕಲಿತ ಭಾಷೆಯೇ. ಅವರಿಗೆ ಬರೆದು ಕಳಿಸಿ ಏನು ಪ್ರಯೋಜನ? ನಮ್ಮ ಪ್ರೊಮೊತೋರಾ, ಅಂದರೆ ಅದೇ ಊರಿನ ಆರೋಗ್ಯ ಕಾರ್ಯಕರ್ತೆ, ತನ್ನ ದನಿಯಲ್ಲೇ ವಾಯ್ಸ್ ಮೆಸೇಜ್ ರೆಕಾರ್ಡ್ ಮಾಡ್ತಾಳೆ. ಅದು ಒಂದು ಕುಟುಂಬದಿಂದ ಇನ್ನೊಂದಕ್ಕೆ ತಾನಾಗೇ ಓಡುತ್ತೆ.

ಇದ್ದ ಸಾಧನಗಳನ್ನೂ ಬಿಡಲಿಲ್ಲ. ಸ್ಯಾಮ್ಸಾ, ಅಂದರೆ ಚಟ ಮತ್ತು ಮಾನಸಿಕ ಆರೋಗ್ಯ ನೋಡಿಕೊಳ್ಳುವ ಅಮೆರಿಕ ಸರ್ಕಾರದ ಸಂಸ್ಥೆ, ಅದರ ಸಹಾಯವಾಣಿ 1-800-662-4357 ಹಗಲೂ ರಾತ್ರಿ ಸ್ಪ್ಯಾನಿಷ್‌ನಲ್ಲೂ ಸಿಗುತ್ತೆ. ಆತ್ಮಹತ್ಯೆಯ ಯೋಚನೆಯಂಥ ಸಂಕಟದಲ್ಲಿರುವವರ ಸಹಾಯವಾಣಿ 988ಕ್ಕೆ ಕರೆ ಮಾಡಿ 2 ಒತ್ತಿದರೆ ಸ್ಪ್ಯಾನಿಷ್. 2023ರ ಜುಲೈಯಿಂದ ಅದೇ ನಂಬರಿಗೆ ‘ಆಯುದಾ’ (AYUDA, ಅಂದರೆ ಸಹಾಯ) ಅಂತ ಮೆಸೇಜ್ ಕಳಿಸಿದರೂ ಆಗುತ್ತೆ. ಯೇಲ್ ವಿಶ್ವವಿದ್ಯಾಲಯದವರು ಕಂಪ್ಯೂಟರ್ ಮೂಲಕ ಕಲಿಸುವ ತಮ್ಮ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಚಿಕಿತ್ಸೆ) ಪಾಠಗಳನ್ನು ಸ್ಪ್ಯಾನಿಷ್‌ಗೆ ತಂದಾಗ ಸುಮ್ನೆ ಅನುವಾದ ಮಾಡಲಿಲ್ಲ, ಟೆಲಿನೊವೆಲಾ ಮಾಡಿದರು. ನಮ್ಮ ಸಂಜೆ ಧಾರಾವಾಹಿಯ ಹಾಗೆ ಕಣ್ಣೀರು, ಜಗಳ, ಅತ್ತೆ ಎಲ್ಲ ಇದ್ದರೆ ಜನ ಕೂತು ನೋಡ್ತಾರೆ ಅಲ್ವಾ? 2018ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ 92 ಜನ ಇದ್ದರು. ಮಾಮೂಲಿ ಚಿಕಿತ್ಸೆಯ ಜೊತೆ ಇದನ್ನೂ ನೋಡಿದವರಲ್ಲಿ ಮಾದಕ ಸೇವನೆ ಹೆಚ್ಚು ಇಳಿದಿತ್ತು.

ಫೆಂಟನಿಲ್‌ನವರಿಗೆ ದೊಡ್ಡ ಬದಲಾವಣೆ ಬಂದದ್ದು ಕಾನೂನಿನಿಂದ. 2020ರ ಕೋವಿಡ್ ರಿಯಾಯಿತಿಯಿಂದ ಡಾಕ್ಟರ್ ಫೋನಿನಲ್ಲೇ ಮಾತಾಡಿ ಚಟ ಬಿಡಿಸುವ ಔಷಧ ಬ್ಯುಪ್ರೆನಾರ್ಫಿನ್ ಶುರು ಮಾಡಬಹುದಾಯಿತು. 2022ರ ಕೊನೆಗೆ ಅದನ್ನು ಬರೆಯಲು ಬೇಕಿದ್ದ ವಿಶೇಷ ಅನುಮತಿಯೂ ರದ್ದಾಯಿತು. ಸ್ಪ್ಯಾನಿಷ್ ಬರುವ ಡಾಕ್ಟರ್ ನೂರು ಮೈಲಿ ಆಚೆ ಇದ್ದರೂ ಈಗ ನಡೆಯುತ್ತೆ.

ಯಾವ ಸಾಧನದಿಂದಲೂ ತೆಗೆಯಲಾಗದ್ದು ಭಯ. 2024ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ವಲಸೆಯ ಕಾಗದಪತ್ರ ಇಲ್ಲದ ಎಲ್ಲ ವಯಸ್ಸಿನವರಿಗೂ ಮೆಡಿ-ಕ್ಯಾಲ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ತೆರೆದಾಗ ನಮ್ಮ ಕೆಲಸ ಬಹಳ ಸಲೀಸಾಗಿತ್ತು. 2025ರಲ್ಲಿ ಮೆಡಿಕೇಡ್ (ಇಡೀ ದೇಶದ ಆ ವಿಮೆ, ಮೆಡಿ-ಕ್ಯಾಲ್ ಅದರ ಕ್ಯಾಲಿಫೋರ್ನಿಯಾ ರೂಪ) ಮಾಹಿತಿಯನ್ನು ವಲಸೆ ನೋಡಿಕೊಳ್ಳುವ ಇಲಾಖೆಗೆ ಕೊಟ್ಟಿದ್ದಾರೆ ಅನ್ನುವ ಸುದ್ದಿ ಬಂತು. ಅಪಾಯಿಂಟ್‌ಮೆಂಟ್ ತಪ್ಪಿಸುವವರು ಹೆಚ್ಚಾದರು. 2026ರ ಜನವರಿಯಿಂದ ಕಾಗದಪತ್ರ ಇಲ್ಲದ ವಯಸ್ಕರ ಹೊಸ ನೋಂದಣಿಯೂ ನಿಂತಿದೆ. ‘ನನ್ನ ಹೆಸರು ಎಲ್ಲಿಗೆ ಹೋಗುತ್ತೆ?’ ಅಂತ ಕೇಳಿದವರಿಗೆ ‘ಎಲ್ಲಿಗೂ ಹೋಗಲ್ಲ’ ಅಂತ ಭರವಸೆ ಕೊಡಲು ನನ್ನಿಂದ ಆಗಲ್ಲ. ನಮ್ಮ ಹತ್ತಿರ ಏನು ಬರೆದುಕೊಳ್ತೇವೆ, ಬಿಲ್ ಹಾಕಿದರೆ ಯಾರಿಗೆ ಹೋಗುತ್ತೆ, ಬಿಲ್ ಹಾಕದೆ ಆದಾಯ ನೋಡಿ ಶುಲ್ಕ ಕಟ್ಟುವ ದಾರಿ ಯಾವುದು ಅಂತ ಪ್ರೊಮೊತೋರಾ ಮೊದಲೇ ಬಿಡಿಸಿ ಹೇಳ್ತಾಳೆ. ಆಯ್ಕೆ ಅವರದ್ದು. ಫಾರ್ಮಿನಲ್ಲಿ ಹೆಸರಿನ ಜಾಗ ಈಗಲೂ ಇಲ್ಲ.