ಮನೆಯಲ್ಲೇ ಕ್ಲಸ್ಟರ್ ಕಟ್ಟಿ ಕಲಿತೆ: ನನ್ನ ಅನುಭವ

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್, ಸ್ಟೋರ್ಸ್, ಹಾಜರಾತಿ ಎಲ್ಲವೂ ಒಂದೇ ಯಂತ್ರದ ಮೇಲಿತ್ತು. ಅದು ನಿಂತರೆ ಬಿಲ್ಲಿಲ್ಲದೆ ಗೇಟಿನಲ್ಲಿ ಲಾರಿಯೂ ನಿಲ್ಲುತ್ತಿತ್ತು. ಕ್ಲಸ್ಟರ್, ಅಂದರೆ ಹಲವು ಯಂತ್ರ ಒಟ್ಟಾಗಿ ಕೆಲಸ ಮಾಡುವ ಏರ್ಪಾಡು, ಕಲಿಯಲೇಬೇಕಿತ್ತು, ಆದರೆ ಓಡುತ್ತಿರುವ ಸರ್ವರ್ ಮೇಲೆ ಪ್ರಯೋಗ ಮಾಡುವಂತಿಲ್ಲ ಅಲ್ವಾ. ಹಾಗಾಗಿ ಕುವೆಂಪುನಗರದ ಮನೆಯಲ್ಲಿ ಮೂರು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಇಟ್ಟುಕೊಂಡು ಶುರು ಮಾಡಿದೆ.

ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಿ ಪ್ರಾಕ್ಸ್‌ಮಾಕ್ಸ್ ಹಾಕಿದೆ. ಒಂದೇ ಯಂತ್ರದಲ್ಲಿ ಹಲವು ವಿಎಂ (ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್) ಓಡಿಸುವ ಸಾಫ್ಟ್‌ವೇರ್ ಇದು. ಅದು ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು, ಒಳಗೆ ವಿಎಂಗಳನ್ನು ಓಡಿಸುವುದು 2007ರಲ್ಲಿ ಲಿನಕ್ಸ್ ಕರ್ನಲ್‌ಗೆ ಸೇರಿದ ಕೆವಿಎಂ. ಇನ್‌ಸ್ಟಾಲ್ ಸುಲಭ, ಅದರ ಬಗ್ಗೆ ಹೇಳುವುದು ಏನೂ ಇಲ್ಲ.

ನಿಜವಾದ ಪಾಠ ಇರುವುದು ಕೋರಂನಲ್ಲಿ, ಅಂದರೆ ಬಹುಮತದ ಲೆಕ್ಕದಲ್ಲಿ. ಪ್ರತಿ ನೋಡ್‌ಗೆ (ಕ್ಲಸ್ಟರ್‌ನ ಒಂದೊಂದು ಯಂತ್ರಕ್ಕೆ) ಒಂದು ವೋಟು. ಅರ್ಧಕ್ಕಿಂತ ಜಾಸ್ತಿ ವೋಟು ಇರುವ ಗುಂಪಿಗೆ ಮಾತ್ರ ಅಧಿಕಾರ. ಮೂರರಲ್ಲಿ ಎರಡು ಸಾಕು. ಎರಡೇ ನೋಡ್ ಇದ್ದರೆ ಒಂದು ಹೋದ ಕೂಡಲೇ ಉಳಿದದ್ದೂ ಕೈಕಟ್ಟಿ ಕೂರುತ್ತದೆ, ಮೂರನೇ ವೋಟಿಗೆ ಕ್ಯೂಡಿವೈಸ್ ಅಂತ ಒಂದು ಸಣ್ಣ ಯಂತ್ರವಾದರೂ ಬೇಕು. ನಾಲ್ಕು ಇಟ್ಟರೂ ತಡೆದುಕೊಳ್ಳುವುದು ಒಂದೇ ನೋಡ್‌ನ ಸಾವನ್ನು, ಯಾಕಂದ್ರೆ ಆಗ ಮೂರು ವೋಟು ಬೇಕು.

ಒಂದು ನೋಡ್‌ನ ನೆಟ್‌ವರ್ಕ್ ಕೇಬಲ್ ಕಿತ್ತು, ಪರದೆ ನೋಡುತ್ತಾ ಕುಳಿತೆ. ಮೊದಲು ಆ ನೋಡ್ ಮೇಲೆ ಕೆಂಪು ಗುರುತು ಬಂತು. ಅದರ ಮೇಲಿದ್ದ ವಿಎಂ ಮಾತ್ರ ತಕ್ಷಣ ಬೇರೆ ಕಡೆ ಏಳಲಿಲ್ಲ. ಸುಮಾರು ಒಂದು ನಿಮಿಷಕ್ಕೆ, ಒಂಟಿಯಾದ ಆ ಡೆಸ್ಕ್‌ಟಾಪ್ ತಾನಾಗೇ ರೀಬೂಟ್ ಆಯಿತು. ಅದು ವಾಚ್‌ಡಾಗ್ ಅನ್ನುವ ಕಾವಲು ಟೈಮರ್‌ನ ಕೆಲಸ, ಸಂಪರ್ಕ ತಪ್ಪಿದ ನೋಡನ್ನು ಹೀಗೆ ದೂರ ಇಡುವುದಕ್ಕೇ ಫೆನ್ಸಿಂಗ್ ಅನ್ನುವುದು. ಅದಾದ ಮೇಲೆ ಪಕ್ಕದ ನೋಡ್‌ನಲ್ಲಿ ವಿಎಂ ಬೂಟ್ ಆಯಿತು. ಒಟ್ಟು ಎರಡು ನಿಮಿಷದ ಆಸುಪಾಸು. ಇಷ್ಟು ಕಾಯುವುದು ಯಾಕೆ? ಕೇಬಲ್ ಮಾತ್ರ ಹೋಗಿ ಹಳೇ ವಿಎಂ ಅಲ್ಲೇ ಬದುಕಿದ್ದು, ಇಲ್ಲಿ ಇನ್ನೊಂದೂ ಎದ್ದು, ಎರಡೂ ಒಂದೇ ಡಿಸ್ಕ್‌ಗೆ ಬರೆದರೆ ಡೇಟಾ ಕೆಟ್ಟುಹೋಗುತ್ತದೆ. ಹಳೆಯದು ಸತ್ತಿದೆ ಅಂತ ಖಾತ್ರಿ ಆಗುವವರೆಗೆ ಹೊಸದನ್ನು ಎಬ್ಬಿಸಬಾರದು. ಇದು ಅರ್ಥವಾದ ದಿನ ನನಗೆ ಎಚ್‌ಎ (ಹೈ ಅವೈಲಬಿಲಿಟಿ, ಒಂದು ಯಂತ್ರ ಹೋದರೆ ವಿಎಂ ಇನ್ನೊಂದರಲ್ಲಿ ತಾನಾಗೇ ಏಳುವ ಏರ್ಪಾಡು) ಪೂರ್ತಿ ಅರ್ಥವಾಯಿತು.

ಮ್ಯಾನೇಜರ್‌ಗಳಿಗೂ ಇದನ್ನು ಮೊದಲೇ ಹೇಳಿಬಿಡಬೇಕು: ಎಚ್‌ಎ ಅಂದರೆ ನಿಲ್ಲುವುದೇ ಇಲ್ಲ ಅಂತಲ್ಲ, ವಿಎಂ ಹೊಸದಾಗಿ ಬೂಟ್ ಆಗುತ್ತದೆ, ರ್‍ಯಾಮ್‌ನಲ್ಲಿದ್ದದ್ದು ಹೋಗುತ್ತದೆ. ನಿಲ್ಲಿಸದೆ ಸಾಗಿಸುವುದು ಲೈವ್ ಮೈಗ್ರೇಶನ್, ಅದಕ್ಕೆ ಎರಡೂ ನೋಡ್ ಜೀವಂತ ಇರಬೇಕು.

ಮುಂದೆ ನೋಡ್‌ಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ನ ಪ್ಲಗ್ ತೆಗೆದು ನೋಡಿದೆ. ಯಾವ ನೋಡ್‌ಗೂ ಇನ್ನೊಂದು ಕಾಣಲಿಲ್ಲ, ಯಾರಿಗೂ ಕೋರಂ ಇಲ್ಲ. ಎಚ್‌ಎ ವಿಎಂ ಓಡುತ್ತಿದ್ದ ನೋಡ್‌ಗಳೆಲ್ಲ, ಕರೆಂಟ್ ಸರಿಯಾಗಿದ್ದರೂ, ರೀಬೂಟ್ ಆದವು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಗೊತ್ತೇ ಇದೆ. ಸರ್ವರ್‌ಗಳನ್ನು ಯುಪಿಎಸ್‌ಗೆ ಹಾಕಿ ಸ್ವಿಚ್ಚನ್ನು ಸುಮ್ನೆ ಗೋಡೆಯ ಸಾಕೆಟ್‌ಗೆ ಸಿಕ್ಕಿಸಿದರೆ ಇದೇ ಗತಿ. ಹಾಗಾಗಿ ಕಾರ್ಖಾನೆಯ ಕ್ಲಸ್ಟರ್‌ನಲ್ಲಿ ಎರಡು ಸ್ವಿಚ್, ಎರಡೂ ಬೇರೆ ಬೇರೆ ಯುಪಿಎಸ್ ಮೇಲೆ. ನೋಡ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಬಳಸುವ ಕೊರೋಸಿಂಕ್‌ಗೆ ಎರಡು ಲಿಂಕ್ ಕೊಟ್ಟಿದ್ದೇನೆ, ಒಂದು ಅದಕ್ಕೇ ಮೀಸಲು. ಅದಕ್ಕೆ ಬೇಕಾದ್ದು ವೇಗವಲ್ಲ, ತಡವಾಗದ ದಾರಿ. ಬ್ಯಾಕಪ್ ಟ್ರಾಫಿಕ್ ಅದೇ ತಂತಿಯಲ್ಲಿ ತುಂಬಿಕೊಂಡರೆ ಚೆನ್ನಾಗಿರುವ ನೋಡ್ ಕೂಡ ಸತ್ತಂತೆ ಕಾಣುತ್ತದೆ.

ಡಿಸ್ಕ್‌ಗೆ ನಾನು ಆರಿಸಿಕೊಂಡದ್ದು ಝೆಡ್‌ಎಫ್‌ಎಸ್ ರೆಪ್ಲಿಕೇಶನ್, ಅಂದರೆ ವಿಎಂನ ಡಿಸ್ಕನ್ನು ಆಗಾಗ ಬೇರೆ ನೋಡ್‌ಗಳಿಗೆ ನಕಲು ಮಾಡುವುದು. ಎಲ್ಲ ನೋಡ್‌ಗಳ ಡಿಸ್ಕ್‌ಗಳನ್ನು ಒಂದೇ ಸಂಗ್ರಹವಾಗಿ ಸೇರಿಸುವ ಸೆಫ್ ಒಳ್ಳೆಯದೇ, ಆದರೆ ಅದಕ್ಕೆ ಕನಿಷ್ಠ ಮೂರು ನೋಡ್ ಜೊತೆ 10 ಗಿಗಾಬಿಟ್ ನೆಟ್‌ವರ್ಕ್ ಇರಲೇಬೇಕು ಅಂತ ನನ್ನ ಅಭಿಪ್ರಾಯ. ರೆಪ್ಲಿಕೇಶನ್ ಮಾಮೂಲಾಗಿ 15 ನಿಮಿಷಕ್ಕೊಮ್ಮೆ ಓಡುತ್ತದೆ, ನೋಡ್ ಸತ್ತರೆ ಕೊನೆಯ ಸಲದ ನಂತರ ಬರೆದದ್ದು ಸಿಗುವುದಿಲ್ಲ. ಬಿಲ್ಲಿಂಗ್ ವಿಎಂಗೆ ಅದನ್ನು 1 ನಿಮಿಷಕ್ಕೆ ಇಳಿಸಿದೆ, ಹಾಜರಾತಿಯದ್ದು 15ರಲ್ಲೇ ಇದೆ. ಬ್ಯಾಕಪ್ ಕ್ಲಸ್ಟರ್‌ನ ಹೊರಗೆ, ಬೇರೆ ಯಂತ್ರದಲ್ಲಿದೆ, ಯಾಕಂದ್ರೆ ತಪ್ಪಿ ಅಳಿಸಿದ ಫೈಲು ಮೂರೂ ಕಡೆ ಅಳಿಸಿಹೋಗುತ್ತದೆ.