ಕಂಬಿಯ ತುಕ್ಕು ತಡೆಯುವ ರಾಸಾಯನಿಕ: ನಾನು ಪರೀಕ್ಷೆ ಮಾಡುವ ಬಗೆ

ಸುಣ್ಣದ ತಿಳಿನೀರಿಗೆ ಉಪ್ಪು, ಇನ್ಹಿಬಿಟರ್ (ಕಾಂಕ್ರೀಟಿನೊಳಗಿನ ಕಂಬಿಗೆ ತುಕ್ಕು ಬಾರದಂತೆ ತಡೆಯುವ ರಾಸಾಯನಿಕ) ಬೆರೆಸಿ ಕಂಬಿಯ ತುಂಡು ಅದ್ದಿಟ್ಟು ನೋಡುವುದು ಮೊದಲ ಜರಡಿಗಷ್ಟೇ ಸಾಕು. ಬಾಟಲಿಯ ಬಾಯಿ ತೆರೆದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕಂಬಿಯನ್ನು ಕಾಯುವ ಕ್ಷಾರತೆ (ಪಿಎಚ್) 12.5ರಿಂದ ಕೆಳಗಿಳಿಯುತ್ತದೆ, ಆಮೇಲೆ ಬಂದ ತುಕ್ಕು ಯಾರ ಲೆಕ್ಕಕ್ಕೆ? ತೀರ್ಮಾನಕ್ಕೆ ಕಾಂಕ್ರೀಟೇ ಬೇಕು.

ನಾನು ಹಿಡಿಯುವುದು ಎಎಸ್‌ಟಿಎಂ (ಅಮೆರಿಕದ ಪರೀಕ್ಷಾ ಮಾನದಂಡ ಸಂಸ್ಥೆ) ಜಿ109 ಕ್ರಮ. 280 × 150 × 115 ಮಿ.ಮೀ. ಬ್ಲಾಕು, ಮೇಲೆ ಒಂದು ಕಂಬಿ, ಕೆಳಗೆ ಎರಡು. ಕಂಬಿಯನ್ನು ವೈರ್ ಬ್ರಷ್‌ನಿಂದ ಉಜ್ಜಿ, ಎರಡೂ ತುದಿಗೆ ಟೇಪು ಸುತ್ತಿ ನಡುವೆ 200 ಮಿ.ಮೀ. ಮಾತ್ರ ಬರಿದಾಗಿ ಬಿಡಬೇಕು. ಟೇಪಿನ ಅಂಚು ಸಡಿಲವಿದ್ದರೆ ಉಪ್ಪುನೀರು ಒಳಹೊಕ್ಕು ಅಲ್ಲೇ ತುಕ್ಕು ಶುರು, ಇನ್ಹಿಬಿಟರಿಗೆ ಸುಮ್ಮನೆ ಕೆಟ್ಟ ಹೆಸರು.

ಹೆಚ್ಚು ಜನ ಎಡವುವುದು ನೀರಿನ ಲೆಕ್ಕದಲ್ಲಿ. ಮೂರು ಬ್ಲಾಕಿಗೆ ಸುಮಾರು 18 ಲೀಟರ್ ಕಾಂಕ್ರೀಟ್ ಕಲಸುತ್ತೇನೆ: ಸಿಮೆಂಟ್ 6.3 ಕೆಜಿ, ನೀರು 3.15 ಲೀಟರ್, ಅಂದರೆ ಅನುಪಾತ 0.5. ಘನಮೀಟರಿಗೆ 20 ಲೀಟರಿನಂತೆ ಇನ್ಹಿಬಿಟರ್ ಆಗಿ ಶೇ 30ರ ಕ್ಯಾಲ್ಸಿಯಂ ನೈಟ್ರೈಟ್ ದ್ರಾವಣ ಹಾಕಿದರೆ 360 ಮಿ.ಲೀ. ಆಯಿತು; ಅದರಲ್ಲೇ 320 ಮಿ.ಲೀ.ನಷ್ಟು ನೀರಿದೆ. ಅದನ್ನು ಕಳೆದು 2.83 ಲೀಟರ್ ಮಾತ್ರ ಸುರಿಯಬೇಕು. ಕಳೆಯದಿದ್ದರೆ ಅನುಪಾತ 0.55ಕ್ಕೆ ಏರಿ, ಆಮೇಲೆ ಬ್ಲಾಕಿನ ಮೇಲೆ ನಿಲ್ಲಿಸುವ ನೀರಿನ ಉಪ್ಪು ಬೇಗ ಇಳಿಯುತ್ತದೆ. ನೈಟ್ರೈಟ್ ಕಾಂಕ್ರೀಟನ್ನು ಬೇಗ ಗಟ್ಟಿ ಮಾಡುವುದರಿಂದ ಅಚ್ಚು ತುಂಬುವುದರಲ್ಲಿ ಸಾವಕಾಶ ಕೂಡದು. ಅದೇ ದಿನ, ಅದೇ ಮೂಟೆ ಸಿಮೆಂಟಿನಿಂದ ಇನ್ಹಿಬಿಟರ್ ಇಲ್ಲದ ಮೂರು ಬ್ಲಾಕು ಕಡ್ಡಾಯ.

28 ದಿನ ಕ್ಯೂರಿಂಗ್ ಆದಮೇಲೆ ಒಣಗಿಸಿ, ಪಕ್ಕಗಳಿಗೆ ಎಪಾಕ್ಸಿ ಬಳಿದು, ಮೇಲೆ ಪ್ಲಾಸ್ಟಿಕ್ ಕಟ್ಟೆ ಅಂಟಿಸಿ ಶೇ 3ರ ಉಪ್ಪುನೀರು ನಿಲ್ಲಿಸುತ್ತೇನೆ. ಎರಡು ವಾರ ನೀರು, ಎರಡು ವಾರ ಒಣ. ಕೆಳಗಿನ ಎರಡೂ ಕಂಬಿಗಳನ್ನು ಜೋಡಿಸಿ, ಅವಕ್ಕೂ ಮೇಲಿನದಕ್ಕೂ ನಡುವೆ 100 ಓಮ್ ರೆಸಿಸ್ಟರ್. ಅದರ ಮೇಲೆ 1 ಮಿಲಿವೋಲ್ಟ್ ಕಂಡರೆ 10 ಮೈಕ್ರೋಆಂಪ್, ಹಾಗಾಗಿ 0.01 ಮಿಲಿವೋಲ್ಟ್ ತೋರಿಸದ ಮೀಟರ್ ಪ್ರಯೋಜನವಿಲ್ಲ. ಮೀಟರಿನ ಕಪ್ಪು ತಂತಿ ಕೆಳಗಿನ ಕಂಬಿಗಿದ್ದು ಮೈನಸ್ ಬಂದರೆ ಮೇಲಿನದು ಸವೆಯುತ್ತಿದೆ ಎಂದರ್ಥ. ಓದುವುದು ಯಾವಾಗಲೂ ನೀರು ನಿಲ್ಲಿಸಿದ ಎರಡನೇ ವಾರದ ಮೊದಲಲ್ಲಿ. ಒಣ ಬ್ಲಾಕಿನಲ್ಲಿ ಕರೆಂಟು ಕಡಿಮೆಯೇ ಇರುತ್ತದೆ, ಅದನ್ನು ನಂಬಿ ಹಿಗ್ಗಬಾರದು.

ಈ ಕರೆಂಟು ಮೇಲಿನ, ಕೆಳಗಿನ ಕಂಬಿಗಳ ನಡುವೆ ಹರಿಯುವುದನ್ನಷ್ಟೇ ಹೇಳುತ್ತದೆ. ಮೇಲಿನ ಕಂಬಿ ತನ್ನೊಳಗೇ ಸವೆದರೆ ರೆಸಿಸ್ಟರಿಗೆ ಗೊತ್ತಾಗದು. ಆದ್ದರಿಂದ ತಾಮ್ರ-ತಾಮ್ರದ ಸಲ್ಫೇಟ್ ಹಾಫ್ ಸೆಲ್ (ಕಂಬಿಯ ವೋಲ್ಟೇಜನ್ನು ಹೋಲಿಸಿ ಅಳೆಯುವ ಎಲೆಕ್ಟ್ರೋಡ್) ಓದನ್ನೂ ಬರೆದಿಡುತ್ತೇನೆ (−350 ಮಿಲಿವೋಲ್ಟಿಗಿಂತ ಕೆಳಗೆ ಹೋದರೆ ತುಕ್ಕಿನ ಸಾಧ್ಯತೆ ಶೇ 90ಕ್ಕೂ ಹೆಚ್ಚು), ಕೊನೆಗೆ ಬ್ಲಾಕು ಒಡೆದು ಕಂಬಿ ತೆಗೆಯುತ್ತೇನೆ. ಉಪ್ಪಿನ ಕ್ಲೋರೈಡಿಗೆ ನೈಟ್ರೈಟ್ ಸಾಲದಾದಾಗ ತುಕ್ಕಿನ ಜಾಗ ಕಡಿಮೆ, ಕುಳಿ ಮಾತ್ರ ಆಳ. ಅಂಥ ಕಂಬಿಯಲ್ಲಿ ತೂಕದ ನಷ್ಟಕ್ಕಿಂತ ಕುಳಿಯ ಆಳವನ್ನೇ ಅಳೆಯಬೇಕು.