ಡ್ಯುಯಲ್ ಬೂಟ್‌ನಿಂದ (ಒಂದೇ ಕಂಪ್ಯೂಟರ್‌ನ್ಯಾಗ ವಿಂಡೋಸ್, ಲಿನಕ್ಸ್ ಎರಡೂ ಇರೋದು) ಹಳೇ ಉಬುಂಟು ಲಿನಕ್ಸ್ ತೆಗೆಯೋರಿಗೆ

ಸೀದಾ ಲಿನಕ್ಸ್ ಪಾರ್ಟಿಷನ್ (ಡಿಸ್ಕಿನ್ಯಾಗ ಅದರ ಪಾಲು) ಡಿಲೀಟ್ ಮಾಡಬ್ಯಾಡ್ರಿ. ಆನ್ ಮಾಡಿದಾಗ ಯಾವ ಸಿಸ್ಟಂ ಬೇಕು ಅಂತ ಕೇಳೋ ಗ್ರಬ್‌ಗೆ ತನ್ನ ಫೈಲು ಸಿಗಂಗಿಲ್ಲ, ‘ಗ್ರಬ್ ರೆಸ್ಕ್ಯೂ’ ಅಂತ ಕಪ್ಪು ಪರದೆ ಬಂದು ನಿಲ್ತದ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ಇದ್ರ 48 ಅಂಕಿಯ ರಿಕವರಿ ಕೀ ಮೊದಲೇ ಬರ್ಕೊಳ್ರಿ, ಬೂಟ್ ಕ್ರಮ ಬದಲಾದ್ರ ಅದನ್ನ ಕೇಳಬಹುದು. ಆಮೇಲೆ ಬಯಾಸ್‌ನ್ಯಾಗ (ವಿಂಡೋಸ್ ಏಳೋಕ ಮೊದಲು ತೆರೆಯೋ ಸೆಟ್ಟಿಂಗ್) ‘ವಿಂಡೋಸ್ ಬೂಟ್ ಮ್ಯಾನೇಜರ್’ ಬೂಟ್ ಕ್ರಮದಾಗ ಮೇಲಕ್ಕ ತಂದು, ವಿಂಡೋಸ್ ನೇರ ಏಳ್ತದೇನು ನೋಡ್ರಿ. ಎದ್ರ, ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನ್ಯಾಗ ಲಿನಕ್ಸ್ ಪಾರ್ಟಿಷನ್ ಅಳಿಸ್ರಿ. ಸಿ, ಡಿ ಅಂತ ಡ್ರೈವ್ ಅಕ್ಷರ ಇಲ್ಲದ್ದೆಲ್ಲಾ ಲಿನಕ್ಸ್ ಅಲ್ಲ. ಇಎಫ್‌ಐ, ರಿಕವರಿ ಅಂತ ಬರೆದಿರೋ ಸಣ್ಣವು ಮುಟ್ಟಬ್ಯಾಡ್ರಿ.

ಅಳಿಸಿದ ಜಾಗ ಸಿ ಡ್ರೈವಿಗೆ ಸೇರಿಸೋಕ ಹೋದಾಗ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಸುಕಾಗಿದ್ರ, ಖಾಲಿ ಜಾಗ ಸಿ ಡ್ರೈವಿನ ಬಲಕ್ಕ ಅಂಟಿಲ್ಲ ಅಂತ ಅರ್ಥ. ಜಗ್ಗಾಡೋದು ಬಿಟ್ಟು ಅದನ್ನ ಹೊಸ ಡ್ರೈವ್ ಮಾಡ್ಕೊಳ್ರಿ.

ಡೆಸ್ಕ್‌ಟಾಪ್ ಆದ್ರ ಯುಪಿಎಸ್ ಇರ್ಲಿ. ಶಕ್ತಿನಗರದಾಗ ಕರೆಂಟ್ ಹುಟ್ತದ ಅಂದಮಾತ್ರಕ್ಕ ರಾಯಚೂರಾಗ ಹೋಗಂಗಿಲ್ಲ ಅಂತೇನಿಲ್ಲ.